ಗೋಪುರದ ಆಚೆಯ ‘ಖಾಲಿ’ ಜಾಗ

ಮೇಖ್ರಿ ಸರ್ಕಲ್ ಬಳಿ ಒಂದು ಬಂಡೆ, ಅದರ ಮೇಲೊಂದು ಪುಟ್ಟ ಗೋಪುರ. ಹೆಬ್ಬಾಳದ ಕಡೆಯಿಂದ ದಿನವೂ ಶಾಲೆ-ಕಾಲೇಜಿಗೆ ಬರುವ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೋ ತಿಳಿಯದು. ವಾಹನಗಳ ಭರಾಟೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ ಇರುವ ಗೋಪುರಗಳಿಗೆ ಇದು ನಾಲ್ಕನೆಯ ಜೊತೆಗಾರ. ಊರು ಬೆಳೆದರೆ ಇಲ್ಲಿಯವರೆಗೆ ಬೆಳೆದೀತು ಎಂದು ಕೆಂಪೇಗೌಡರ ವಂಶದವರು ಹಾಕಿದ ಗುರುತು ಇದು ಎಂಬುದು ಹಿರಿಯರಿಂದ ಬಂದ ಮಾತು. ಗೋಪುರ ದಾಟಿದರೆ ಊರಿಗೆ ಕೇಡು ಎಂದು ಸೇರಿಸಿ ಹೇಳುವವರೂ ಇದ್ದಾರೆ.

ಊರು ದಾಟಿತು. ಹೆಬ್ಬಾಳ ಹೋಯಿತು, ಜಕ್ಕೂರು ಹೋಯಿತು, ಯಲಹಂಕ ಹೋಯಿತು. ಈಗ ದೇವನಹಳ್ಳಿಯೂ ಆಯಿತು.

ಇಂಥದೇ ಒಂದು ಗೆರೆ ಅಮೆರಿಕದಲ್ಲೂ ಇತ್ತು. 1763ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್, ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ತನ್ನ ವಲಸಿಗ ಪ್ರಜೆಗಳು ಹೋಗಿ ನೆಲೆಸಬಾರದು, ಅದು ಅಲ್ಲಿನ ಮೂಲನಿವಾಸಿಗಳ ನೆಲ ಎಂದು ಘೋಷಣೆ ಹೊರಡಿಸಿದ. ಯಾರೂ ಕೇಳಲಿಲ್ಲ. ಇಪ್ಪತ್ತೇ ವರ್ಷದಲ್ಲಿ, 1783ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ, ಹೊಸದಾಗಿ ಹುಟ್ಟಿದ ದೇಶದ ಎಲ್ಲೆ ಮಿಸಿಸಿಪಿ ನದಿಯವರೆಗೆ ಸರಿದಿತ್ತು. ಆಮೇಲೆ ನಡೆದದ್ದೇ ಪಠ್ಯಪುಸ್ತಕಗಳು ‘ಪಶ್ಚಿಮಾಭಿಮುಖ ವಿಸ್ತರಣೆ’ ಎಂದು ಕರೆಯುವ ಕಥೆ.

ಈ ಎರಡು ಗೆರೆಗಳನ್ನು ಒಟ್ಟಿಗೆ ನೆನೆಯುವಂತೆ ಮಾಡಿದ್ದು ಯಲಹಂಕದ ನಮ್ಮ ಪಕ್ಕದ ಮನೆಯ ಹುಡುಗಿ. ಈಚೆಗೆ ಒಂದು ಸಂಜೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ವಿಶ್ವ ಇತಿಹಾಸ ಪುಸ್ತಕ ಹಿಡಿದು ಬಂದಳು. ಅಮೆರಿಕ ಮತ್ತು ಆಸ್ಟ್ರೇಲಿಯಾಗಳ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ‘ಅಂಕಲ್, ಕಾರಣ ಏನು, ಪರಿಣಾಮ ಏನು, ಪಾಯಿಂಟ್ ಹಾಕಿಸಿಬಿಡಿ’ ಎಂದಳು. ಭೂಮಿಯ ಆಸೆ, ಚಿನ್ನ, ರೈಲು ಎಂದು ನಾನು ಹೇಳುತ್ತ ಹೋದೆ. ಜೊತೆಗೆ ಬಂದ ಅವಳ ಅಜ್ಜಿ ಅವರೆಕಾಯಿ ಸುಲಿಯುತ್ತ ಸುಮ್ಮನೆ ಕೂತಿದ್ದರು. ಯಲಹಂಕದ ಪಕ್ಕದ ಹಳ್ಳಿಯಲ್ಲೇ ಹುಟ್ಟಿ ಬೆಳೆದವರು. ನಡುವೆ ತಲೆಯೆತ್ತಿ ಕೇಳಿದರು: ‘ಅಲ್ಲಿದ್ದ ಜನ ಎಲ್ಲಿಗೋದ್ರಪ್ಪ?’

ಪ್ರಶ್ನೆಪತ್ರಿಕೆಯಲ್ಲಿ ಈ ಪ್ರಶ್ನೆ ಹೀಗೆ ನೇರವಾಗಿ ಬರುವುದಿಲ್ಲ. ಆದರೆ ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ.

ಕೊಂಡದ್ದು, ಗೆದ್ದದ್ದು, ಬೆಳೆದದ್ದು

ಮೊದಲು ಪರೀಕ್ಷೆಗೆ ಬೇಕಾದದ್ದನ್ನು ಬೇಗನೆ ಮುಗಿಸೋಣ. 1803ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್‌ಸನ್ ಫ್ರಾನ್ಸಿನ ನೆಪೋಲಿಯನ್‌ನಿಂದ ‘ಲೂಸಿಯಾನ’ ಪ್ರಾಂತ್ಯವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡ. ಇಂದಿನ ಭಾರತದ ಹೆಚ್ಚುಕಡಿಮೆ ಮೂರನೇ ಎರಡರಷ್ಟು ವಿಸ್ತಾರದ ನೆಲ, ಎಕರೆಗೆ ಮೂರು ಸೆಂಟ್ ಕೂಡ ಬೀಳಲಿಲ್ಲ. ಕೊಟ್ಟವನೂ ಅಲ್ಲಿರಲಿಲ್ಲ, ಕೊಂಡವನೂ ಅಲ್ಲಿರಲಿಲ್ಲ. ಅಲ್ಲಿ ಇದ್ದವರನ್ನು ಯಾರೂ ಕೇಳಲಿಲ್ಲ. 1845ರಲ್ಲಿ ಟೆಕ್ಸಸ್ ಸೇರಿತು. 1846ರಲ್ಲಿ ಆರೆಗನ್ ಬಂತು. ಮೆಕ್ಸಿಕೋ ಮೇಲೆ ಯುದ್ಧ ಮಾಡಿ 1848ರಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ಭಾರಿ ಭೂಭಾಗವನ್ನು ಪಡೆದದ್ದಾಯಿತು. ಅರ್ಧ ಶತಮಾನದೊಳಗೆ ದೇಶ ಪೆಸಿಫಿಕ್ ಸಾಗರವನ್ನು ಮುಟ್ಟಿತು. ಇದು ದೇವರೇ ನಮಗೆ ಬರೆದಿಟ್ಟ ಹಣೆಬರಹ ಎಂಬರ್ಥದಲ್ಲಿ ಜಾನ್ ಒ’ಸಲಿವನ್ ಎಂಬ ಸಂಪಾದಕ 1845ರಲ್ಲಿ ‘ಮ್ಯಾನಿಫೆಸ್ಟ್ ಡೆಸ್ಟಿನಿ’ ಎಂಬ ಮಾತನ್ನು ಚಲಾವಣೆಗೆ ತಂದ. ಆಸೆಗೆ ಒಂದು ಒಳ್ಳೆಯ ಹೆಸರು ಸಿಕ್ಕಿತು.

ಹೊಸದಾಗಿ ಸೇರುವ ಪ್ರತಿ ರಾಜ್ಯದಲ್ಲೂ ಗುಲಾಮಗಿರಿ ಇರಬೇಕೇ ಬೇಡವೇ ಎಂಬ ಜಗಳ ಬೆಳೆಯುತ್ತ ಹೋಗಿ 1861ರ ಅಂತರ್ಯುದ್ಧಕ್ಕೆ ದಾರಿಯಾಯಿತು. ಪರಿಣಾಮಗಳ ಪಟ್ಟಿಯಲ್ಲಿ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಇನ್ನು ಚಿನ್ನ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸಟರ್ ಎಂಬಾತನ ಗರಗಸದ ಗಿರಣಿಯ ಬಳಿ ಚಿನ್ನದ ಹರಳು ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಅಲ್ಲಿಗೆ ನುಗ್ಗಿದರು. ಅಲ್ಲಿನ ಮೂಲನಿವಾಸಿಗಳ ಸಂಖ್ಯೆ 1848ರಲ್ಲಿ ಸುಮಾರು ಒಂದೂವರೆ ಲಕ್ಷ ಇದ್ದದ್ದು 1870ರ ಹೊತ್ತಿಗೆ ಮೂವತ್ತು ಸಾವಿರಕ್ಕೆ ಇಳಿದಿತ್ತು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ರೋಗ, ಹಸಿವು, ಕೊಲೆ ಮೂರೂ ಸೇರಿ ಮಾಡಿದ ಕೆಲಸ. ನಮ್ಮ ತಲೆಮಾರಿನ ತಂದೆತಾಯಂದಿರಿಗೆ ಅಮೆರಿಕದ ಪಶ್ಚಿಮ ಎಂದರೆ ಟಾಕೀಸಿನಲ್ಲಿ ಎರಡೆರಡು ಸಲ ನೋಡಿದ ‘ಮೆಕೆನಾಸ್ ಗೋಲ್ಡ್’. ಅದರಲ್ಲಿ ಕುದುರೆ, ಬಂದೂಕು, ಚಿನ್ನ ಎಲ್ಲ ಇತ್ತು. ಈ ಲೆಕ್ಕ ಇರಲಿಲ್ಲ.

ಬರಹ ಬಲ್ಲವರ ಕಥೆ

ಅಮೆರಿಕದ ಈ ಇತಿಹಾಸದಲ್ಲಿ ಕನ್ನಡದ ಓದುಗರು ತಪ್ಪದೆ ತಿಳಿಯಬೇಕಾದ ಒಂದು ಪ್ರಸಂಗವಿದೆ. ಅದು ಚೆರೋಕಿ ಜನರದು. ಜಾರ್ಜಿಯಾ ಮತ್ತು ಸುತ್ತಲ ರಾಜ್ಯಗಳ ಬೆಟ್ಟಗಾಡಿನಲ್ಲಿ ಅವರಿಗೆ ಹೊಲಗಳಿದ್ದವು, ತೋಟಗಳಿದ್ದವು, ಗಿರಣಿಗಳಿದ್ದವು. ಬರಹ ಬಾರದಿದ್ದ ಸೆಕ್ವೋಯ ಎಂಬ ಚೆರೋಕಿಯೊಬ್ಬ ವರ್ಷಗಟ್ಟಲೆ ತಲೆಕೆಡಿಸಿಕೊಂಡು 1821ರ ವೇಳೆಗೆ ತನ್ನ ನುಡಿಗೆ ಒಂದು ಲಿಪಿಯನ್ನೇ ಕಟ್ಟಿದ. ಒಂದೊಂದು ಅಕ್ಷರಕ್ಕೆ ಒಂದೊಂದು ಉಚ್ಚಾರ, ಹೆಚ್ಚುಕಡಿಮೆ ನಮ್ಮ ಕಾಗುಣಿತದ ಹಾಗೆ. ಆ ಜನ 1827ರಲ್ಲಿ ಲಿಖಿತ ಸಂವಿಧಾನ ಮಾಡಿಕೊಂಡರು. 1828ರಲ್ಲಿ ‘ಚೆರೋಕಿ ಫೀನಿಕ್ಸ್’ ಎಂಬ ಪತ್ರಿಕೆ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು 1843ರಲ್ಲಿ. ಅಂದರೆ ಅವರು ನಮಗಿಂತ ಹದಿನೈದು ವರ್ಷ ಮೊದಲೇ ತಮ್ಮ ನುಡಿಯಲ್ಲಿ ಪತ್ರಿಕೆ ಓದುತ್ತಿದ್ದರು!

ಇಂಥವರನ್ನು ‘ಕಾಡುಜನ, ಅವರಿಗೆ ಭೂಮಿಯ ಬೆಲೆ ಗೊತ್ತಿಲ್ಲ’ ಎಂದು ಹೇಳುವುದು ಹೇಗೆ? ಆದರೂ ಹೇಳಿದರು. 1829ರಲ್ಲಿ ಅವರ ನೆಲದಲ್ಲೂ ಚಿನ್ನ ಸಿಕ್ಕಿತು. ಮರುವರ್ಷ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಸಾಗಿಸುವ ಕಾಯ್ದೆಗೆ ಸಹಿ ಹಾಕಿದ. ಚೆರೋಕಿಗಳು ಬಂದೂಕು ಎತ್ತಲಿಲ್ಲ, ನ್ಯಾಯಾಲಯಕ್ಕೆ ಹೋದರು. 1832ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಚೆರೋಕಿ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದು ತೀರ್ಪು ಕೊಟ್ಟರು. ಅದೇ 1832ರಲ್ಲಿ ಜಾರ್ಜಿಯಾ ಸರ್ಕಾರ ಚೆರೋಕಿಗಳ ನೆಲವನ್ನು ತುಂಡು ಮಾಡಿ ಲಾಟರಿ ಎತ್ತಿ ತನ್ನ ಜನರಿಗೆ ಹಂಚಿತು. ಜಮೀನಿಗೆ 160 ಎಕರೆಯ ಚೀಟಿ, ಚಿನ್ನ ಸಿಗುವ ಕಡೆ 40 ಎಕರೆಯ ಚೀಟಿ. ಮನೆಯೊಳಗೆ ಜನ ಇರುವಾಗಲೇ ಅವರ ಮನೆ ಬೇರೆಯವರ ಹೆಸರಿಗೆ ಬಂದಿತ್ತು.

1835ರಲ್ಲಿ ಅಧಿಕಾರವಿಲ್ಲದ ಸಣ್ಣ ಗುಂಪೊಂದರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲಾಯಿತು. ನಾಯಕ ಜಾನ್ ರಾಸ್ ಸಾವಿರಾರು ಸಹಿಗಳ ಮನವಿ ಒಯ್ದರೂ ಸೆನೆಟ್ ಒಂದೇ ಮತದ ಅಂತರದಲ್ಲಿ ಆ ಒಪ್ಪಂದಕ್ಕೆ ಮುದ್ರೆ ಒತ್ತಿತು. 1838ರಲ್ಲಿ ಸೈನ್ಯ ಬಂತು. ಸುಮಾರು 16,000 ಜನರನ್ನು ಇಂದಿನ ಒಕ್ಲಹೋಮದ ಕಡೆಗೆ ಸಾಗಿಸಿದರು. ಚಳಿ, ಜ್ವರ, ಹಸಿವಿನಿಂದ ಸುಮಾರು 4,000 ಮಂದಿ ಸತ್ತರು. ಅದನ್ನು ‘ಕಣ್ಣೀರಿನ ಹಾದಿ’ ಎನ್ನುತ್ತಾರೆ.

ಅಜ್ಜಿಯ ಪ್ರಶ್ನೆಗೆ ಒಂದು ಉತ್ತರ ಇದು. ಅಲ್ಲಿದ್ದ ಜನ ಇನ್ನೂ ಪಶ್ಚಿಮಕ್ಕೆ ಹೋದರು, ಹೋದಲ್ಲಿಂದಲೂ ಮತ್ತೆ ಎಬ್ಬಿಸಲ್ಪಟ್ಟರು.

ಅಳತೆಯ ಸರಪಳಿ

ಬಂದೂಕಿಗಿಂತ ಮೊದಲು ಹೋದದ್ದು ಅಳತೆಯ ಸರಪಳಿ. 1785ರ ಅಮೆರಿಕನ್ ಭೂಶಾಸನದ ಪ್ರಕಾರ ನೆಲವನ್ನು ಆರು ಮೈಲಿ ಚೌಕದ ‘ಟೌನ್‌ಶಿಪ್’ಗಳಾಗಿ, ಅದನ್ನು 640 ಎಕರೆಯ 36 ತುಂಡುಗಳಾಗಿ ಗೆರೆ ಹೊಡೆದರು. ಹೊಳೆ, ಬೆಟ್ಟ, ಸ್ಮಶಾನ ಯಾವುದನ್ನೂ ಗೆರೆ ಲೆಕ್ಕಿಸಲಿಲ್ಲ. ವಿಮಾನದಲ್ಲಿ ಹೋದವರಿಗೆ ಆ ಚದುರಂಗದ ಮಣೆ ಇಂದಿಗೂ ಕಾಣುತ್ತದೆ. ಅಳೆಯಲು ಬಳಸಿದ್ದು 66 ಅಡಿ ಉದ್ದದ ಸರಪಳಿ. ಎಂಬತ್ತು ಸರಪಳಿ ಅಂದರೆ ಒಂದು ಮೈಲಿ.

ಈ 66 ಅಡಿ ನಮಗೂ ಹೊಸದಲ್ಲ. ಅದರ ಅರ್ಧ 33 ಅಡಿ. 33 ಅಡಿಗೆ 33 ಅಡಿ ಎಂದರೆ ನಮ್ಮ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಮನೆಯಲ್ಲಿ ಪಹಣಿ ಇದ್ದರೆ ತೆಗೆದು ನೋಡಿ, ಎಕರೆ-ಗುಂಟೆ ಎಂದೇ ಬರೆದಿರುತ್ತದೆ. ಟಿಪ್ಪು ಸುಲ್ತಾನ ಮಡಿದ ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಉಕ್ಕಿನ ಸರಪಳಿ ಹಿಡಿದು ಬೆಂಗಳೂರಿನ ಬಳಿ ಅಳತೆಯ ಗೆರೆ ಎಳೆದಿದ್ದ. ನೆಲ ಕೈಗೆ ಬಂತೆಂದರೆ ಮೊದಲು ಅದನ್ನು ಅಳೆಯಬೇಕು. ಅಳೆದದ್ದಕ್ಕೆ ನಂಬರು ಕೊಡಬೇಕು. ನಂಬರು ಬಿದ್ದ ಮೇಲೆ ಅದು ಇಂಥವರ ಬಾವಿ ಹೊಲ, ಮಾರಮ್ಮನ ತೋಪು ಎಂದು ಉಳಿಯುವುದಿಲ್ಲ, ಸರ್ವೆ ನಂಬರ್ ಇಷ್ಟು ಎಂದಾಗುತ್ತದೆ. ಮಾರುವುದು ಆಮೇಲೆ ಸುಲಭ.

1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ‘ಹೋಮ್‌ಸ್ಟೆಡ್’ ಕಾಯ್ದೆ ಈ ಚೌಕಗಳ ಕಾಲು ಭಾಗ, ಅಂದರೆ 160 ಎಕರೆಯನ್ನು, ಐದು ವರ್ಷ ಉಳುಮೆ ಮಾಡಿ ವಾಸಿಸುವವರಿಗೆ ಅಲ್ಪ ಶುಲ್ಕಕ್ಕೆ ಕೊಟ್ಟಿತು. ಯೂರೋಪಿನಿಂದ ಬರಿಗೈಲಿ ಬಂದ ಬಡವರು, ಕುಟುಂಬ ಹೊತ್ತ ಒಂಟಿ ಹೆಂಗಸರು, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪುಜನ ಇದರಿಂದ ನೆಲ ಕಂಡರು. ಸುಮಾರು 16 ಲಕ್ಷ ಕುಟುಂಬಗಳಿಗೆ 27 ಕೋಟಿ ಎಕರೆ ದಕ್ಕಿತು. ಅವರನ್ನು ಕಳ್ಳರು ಎನ್ನಲು ನನಗೆ ಮನಸ್ಸು ಬಾರದು. ಕಷ್ಟಪಟ್ಟು ಬದುಕು ಕಟ್ಟಿದವರು. ಆ ನೆಲದಲ್ಲಿ ಮೊದಲು ಯಾರಿದ್ದರು ಎಂದು ಅವರು ಕೇಳಲಿಲ್ಲ, ಅಷ್ಟೆ.

ರೈಲಿನ ಮಾತೂ ಅಷ್ಟೇ. ಹಳಿ ಹಾಕಿದ ಕಂಪನಿಗಳಿಗೆ ಅಮೆರಿಕದ ಸರ್ಕಾರ ಒಟ್ಟು ಸುಮಾರು 13 ಕೋಟಿ ಎಕರೆ ದಾನ ಕೊಟ್ಟಿತು. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವ-ಪಶ್ಚಿಮದ ಹಳಿಗಳು ಕೂಡಿದವು. ತಿಂಗಳುಗಟ್ಟಲೆಯ ಪ್ರಯಾಣ ವಾರಕ್ಕೆ ಇಳಿಯಿತು. ನಮ್ಮಲ್ಲಿ ಬೆಂಗಳೂರು-ತುಮಕೂರು ಮೀಟರ್‌ಗೇಜ್ ಹಳಿ 1884ರಲ್ಲಿ ಬಂದದ್ದು ಬೇರೆ ಕಾರಣಕ್ಕೆ. 1876-78ರ ಘೋರ ಕ್ಷಾಮದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತದ್ದರ ಪಾಠ ಅದು. 1890ರ ದಶಕದ ಆರಂಭದಲ್ಲಿ ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರಗಳ ಮೂಲಕ ಹಿಂದೂಪುರಕ್ಕೆ ಇನ್ನೊಂದು ಹಳಿ ಕವಲೊಡೆಯಿತು. ಯಶವಂತಪುರ ಜಂಕ್ಷನ್ ಆಯಿತು. ರೈಲು ಬಂದ ಕಡೆಗೆ ಮಂಡಿ, ಗೋದಾಮು, ಕಾರ್ಖಾನೆ ಬರುವುದಕ್ಕೆ ದೇಶಭೇದವಿಲ್ಲ.

ಹುಲ್ಲು ಇದ್ದ ಕಡೆ

ಈಗ ನಮ್ಮ ಕಡೆ ಬರೋಣ. ಆರ್.ಟಿ.ನಗರ ಅಂದರೆ ರವೀಂದ್ರನಾಥ ಠಾಗೋರ್ ನಗರ. ಆ ಹೆಸರಿನ ಕೆಳಗೆ ಮಠದಹಳ್ಳಿ, ದಿಣ್ಣೂರು, ಚೋಳನಾಯಕನಹಳ್ಳಿ ಎಂಬ ಹೆಸರುಗಳಿವೆ. ಪಕ್ಕದಲ್ಲೇ ಕಾವಲ್ ಭೈರಸಂದ್ರ. ಈ ‘ಕಾವಲ್’ ಏನು ಎಂದು ಅಲ್ಲಿನ ಹುಡುಗರನ್ನು ಕೇಳಿದರೆ ಪೊಲೀಸ್ ಕಾವಲು ಎಂದಾರು. ಕಾವಲು ಎಂದರೆ ದನ ಮೇಯಲು ಕಾದಿರಿಸಿದ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ ಮಹಲ್’ ಎಂದು ಕರೆದ. ಫಿರಂಗಿ ಎಳೆಯುವ ಆ ಎತ್ತುಗಳಿಗಾಗಿ ಸಂಸ್ಥಾನದ ತುಂಬ ಕಾವಲುಗಳಿದ್ದವು.

ಅಮೆರಿಕದ ನಡುನಾಡಿನ ಬಯಲುಗಳೂ ಹುಲ್ಲುಗಾವಲುಗಳೇ. ಆ ಹುಲ್ಲನ್ನು ಮೇಯುತ್ತಿದ್ದ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ಕಡಿಮೆಯೆಂದರೂ ಮೂರು ಕೋಟಿ ಇದ್ದವು ಎಂಬ ಲೆಕ್ಕವಿದೆ. ರೈಲು ಬಂದ ಮೇಲೆ ಚರ್ಮಕ್ಕಾಗಿ ಕೊಂದು ಕೊಂದು 1889ರ ಹೊತ್ತಿಗೆ ಒಂದು ಸಾವಿರದಷ್ಟು ಉಳಿದವು. ಕಾಡೆಮ್ಮೆ ಹೋದರೆ ಅದನ್ನೇ ನಂಬಿದ ಲಕೋಟಾ ಮೊದಲಾದ ಜನರೂ ಶರಣಾಗಲೇಬೇಕಿತ್ತು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ನೂರೈವತ್ತಕ್ಕೂ ಹೆಚ್ಚು ಲಕೋಟಾ ಗಂಡಸರು, ಹೆಂಗಸರು, ಮಕ್ಕಳನ್ನು ಸೈನ್ಯ ಕೊಂದಿತು. ಎಲ್ಲೆಯ ಗೆರೆ ಎಂದು ಎಳೆಯಲು ಇನ್ನೇನೂ ಉಳಿದಿಲ್ಲ ಎಂದು ಆ ವರ್ಷದ ಜನಗಣತಿಯನ್ನು ನೋಡಿ ಅಧಿಕಾರಿಗಳು ಬರೆದರು.

ಕೊಲ್ಲದೆಯೂ ನೆಲ ಕಳೆಯುವ ದಾರಿ ಒಂದಿತ್ತು. 1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಸಮುದಾಯದ ನೆಲವನ್ನು ಮನೆಮನೆಗೆ ತುಂಡು ಮಾಡಿ ಹಂಚಿತು. ಹಂಚಿ ಮಿಕ್ಕದ್ದನ್ನು ‘ಹೆಚ್ಚುವರಿ’ ಎಂದು ಕರೆದು ಹೊರಗಿನವರಿಗೆ ಮಾರಿತು. ಮೂಲನಿವಾಸಿಗಳ ಕೈಯಲ್ಲಿದ್ದ 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳಿಯಿತು.

‘ಹೆಚ್ಚುವರಿ’ ಎಂಬ ಈ ಪದವನ್ನು ಓದಿದಾಗ ನನಗೆ ನಮ್ಮ ಗೋಮಾಳ ನೆನಪಾಯಿತು. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ಊರಿನ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕು. ನಿಯಮ ಒಳ್ಳೆಯದೇ. ಆದರೆ ದನಗಳು ಕಡಿಮೆಯಾದರೆ? ಊರಿನ ಪಕ್ಕ ಬಡಾವಣೆ ಬಂದು, ಮೇವು ಸಿಗದೆ, ಮಕ್ಕಳು ಕೆಲಸಕ್ಕೆ ಹೋಗಿ ದನ ಮಾರಿದರೆ? ಆಗ ಲೆಕ್ಕದಲ್ಲಿ ಗೋಮಾಳ ಹೆಚ್ಚಾಗುತ್ತದೆ. ಹೆಚ್ಚಾದದ್ದು ಇನ್ನೊಂದು ಉದ್ದೇಶಕ್ಕೆ ಹೋಗುತ್ತದೆ. ಗೋಮಾಳ ಹೋದ ಮೇಲೆ ಉಳಿದ ದನಗಳನ್ನೂ ಮಾರಬೇಕಾಗುತ್ತದೆ.

ಉತ್ತರದ ಅಂಚಿನಲ್ಲಿ ಹೆಸರಘಟ್ಟದ ಕಾವಲೊಂದು ದೊಡ್ಡದಾಗಿ ಉಳಿದಿದೆ. ಮರಗಳಿಲ್ಲದ ಬಯಲು, ನೋಡಿದವರಿಗೆ ‘ಖಾಲಿ’. ಅಲ್ಲಿ ಚಿತ್ರನಗರಿ ಕಟ್ಟುವ ಮಾತು ಬಂದಿತ್ತು. 2021ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ ಕೈಬಿಟ್ಟಿತು. ವಿಷಯ ಹೈಕೋರ್ಟಿಗೆ ಹೋಗಿ, 2024ರಲ್ಲಿ ಅದೇ ಮಂಡಳಿ ಸುಮಾರು 5,600 ಎಕರೆಯ ಪ್ರಸ್ತಾವವನ್ನು ಒಪ್ಪಿತು. ಹುಲ್ಲಿಗೂ ಹಕ್ಕಿಗಳಿಗೂ ಅದು ಖಾಲಿ ಜಾಗವಲ್ಲ ಎಂದು ವಾದಿಸಿದವರು ಗೆದ್ದ ಅಪರೂಪದ ಪ್ರಸಂಗ ಅದು.

ಕಿತ್ತಯ್ಯನ ಊರು

ಹೆಬ್ಬಾಳ ಎಂದೂ ಖಾಲಿ ಇರಲಿಲ್ಲ. 2018ರಲ್ಲಿ ಅಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನ ನೆಲದಲ್ಲಿ ಸಿಕ್ಕ ಅತ್ಯಂತ ಹಳೆಯ ಕನ್ನಡ ಶಾಸನ. ದಾಳಿ ಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ನಿಲ್ಲಿಸಿದ್ದು. ಹನ್ನೆರಡೂ ಮುಕ್ಕಾಲು ಶತಮಾನ ಹಿಂದೆ ಒಬ್ಬ ಮನುಷ್ಯ ತನ್ನ ನಾಡಿಗಾಗಿ ಪ್ರಾಣ ಕೊಟ್ಟ ಜಾಗದ ಮೇಲೆ ಈಗ ಮೇಲ್ಸೇತುವೆ ಇದೆ, ಕೆಳಗೆ ಹಾರನ್ನು.

ಯಲಹಂಕದ ಕಥೆ ಇನ್ನೂ ಸ್ವಾರಸ್ಯ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಯಲಹಂಕದಿಂದ ಹೊರಟು 1537ರಲ್ಲಿ ಬೆಂಗಳೂರು ಕಟ್ಟಿದರು. ಆ ಮಗಳು ಬೆಳೆದು 2007ರಲ್ಲಿ ಬಿಬಿಎಂಪಿ ಆಗಿ ತಾಯಿಯನ್ನೇ ತನ್ನ ವಾರ್ಡು ಮಾಡಿಕೊಂಡಳು.

ನಡುವಿನ ಕಥೆಯನ್ನು ಬೇಗ ಹೇಳಬಹುದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಕೃಷಿ ಪ್ರಯೋಗಕ್ಕೆ ದಾರಿ ಮಾಡಿದರು, ಅದೇ ಮುಂದೆ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿ. ಸ್ವಾತಂತ್ರ್ಯದ ನಂತರ ಜಾಲಹಳ್ಳಿಗೆ ಎಚ್‌ಎಂಟಿ, ಬಿಇಎಲ್ ಬಂದವು. ಯಲಹಂಕಕ್ಕೆ ವಾಯುನೆಲೆ ಬಂತು, 1984ರಲ್ಲಿ ರೈಲ್ವೆಯ ಗಾಲಿ-ಅಚ್ಚು ಕಾರ್ಖಾನೆ ಬಂತು, ಗೃಹಮಂಡಳಿಯ ಉಪನಗರ ಬಂತು. ಆದರೂ ಹೆಬ್ಬಾಳ ದಾಟಿದರೆ ರಾಗಿ, ದ್ರಾಕ್ಷಿ, ಚಕ್ಕೋತವೇ ಕಾಣುತ್ತಿತ್ತು. ನಮ್ಮ ಸಟರ್ ಗಿರಣಿಯ ಚಿನ್ನ ಎಂದರೆ ದೇವನಹಳ್ಳಿಯ ವಿಮಾನ ನಿಲ್ದಾಣ. ಸುಮಾರು 4,000 ಎಕರೆಯಲ್ಲಿ ಎದ್ದು 2008ರ ಮೇ 24ರಂದು ತೆರೆಯಿತು. ಅದು ಬರುತ್ತದೆ ಎಂಬ ಸುದ್ದಿಗೇ ಬಳ್ಳಾರಿ ರಸ್ತೆಯ ಎರಡೂ ಬದಿ ಬೇಲಿ, ಬೋರ್ಡು, ಬ್ರೋಕರು.

2003ರ ಫೆಬ್ರುವರಿಯಲ್ಲಿ ಬಿಡಿಎ ಅರ್ಕಾವತಿ ಬಡಾವಣೆಗಾಗಿ ಉತ್ತರದ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಮರುವರ್ಷ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಗೆ ಇಳಿಯಿತು. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಕಡೆಯ ರೈತರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರಲ್ಲಿ. ಇತ್ತ ಸೈಟಿಗೆ ದುಡ್ಡು ಕಟ್ಟಿದ ಗುಮಾಸ್ತರು, ಮೇಷ್ಟ್ರುಗಳೂ ವರ್ಷಗಟ್ಟಲೆ ಕಾದರು. ಅತ್ತ ಹೊಲದವನಿಗೂ ನೆಮ್ಮದಿಯಿಲ್ಲ, ಇತ್ತ ಸೈಟಿನವನಿಗೂ ಇಲ್ಲ.

ನೀರು ಮಾತ್ರ ಹಳೆಯ ನಕ್ಷೆಯನ್ನು ಮರೆಯಲಿಲ್ಲ. 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ತಗ್ಗಿನಲ್ಲಿ ಕಟ್ಟಿದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಅದೇ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರ್ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯೂ ಇದೆ. ನಗರ ಉತ್ತರಕ್ಕೆ ಬರುತ್ತಿದೆ, ಅದರ ಬಚ್ಚಲ ನೀರು ಅದಕ್ಕಿಂತ ಮುಂದೆ ಹೋಗಿದೆ!

ಹೋಲಿಕೆ ನಿಲ್ಲುವ ಜಾಗ

ಹೀಗೆ ಹೇಳುತ್ತ ಹೋದರೆ ಯಲಹಂಕವೂ ಚೆರೋಕಿ ನಾಡೂ ಒಂದೇ ಎಂದು ಬರೆದಂತಾದೀತು. ಅದು ತಪ್ಪು, ಪರೀಕ್ಷೆಯಲ್ಲೂ ತಪ್ಪು. ಇಲ್ಲಿ ಯಾರೂ ಹಳ್ಳಿಗರನ್ನು ಕೋವಿ ಹಿಡಿದು ಸಾವಿರ ಮೈಲಿ ನಡೆಸಲಿಲ್ಲ. ಭೂಮಿ ಬಿಟ್ಟವರಿಗೂ ಪಡೆದವರಿಗೂ ನುಡಿ ಒಂದೇ, ಓಟು ಒಂದೇ. ಪರಿಹಾರ ಸಿಕ್ಕಿತು. ಕೆಲವರಿಗೆ ಒಳ್ಳೆಯ ಬೆಲೆಯೇ ಸಿಕ್ಕಿತು, ಅವರ ಮಕ್ಕಳು ಇಂಜಿನಿಯರುಗಳಾದರು. ಭೂಮಿ ಮಾರಲು ತಾವಾಗಿ ಮುಂದೆ ಬಂದವರೂ ಕಡಿಮೆಯಿಲ್ಲ. ಸಾಲ, ಬೋರ್‌ವೆಲ್ಲು, ರೇಷ್ಮೆ ದರ ಇವನ್ನು ನೋಡಿದವರು ಅವರನ್ನು ಬೈಯಲಾರರು.

ಆದರೆ ಗುತ್ತಿಗೆಗೆ ಉಳುತ್ತಿದ್ದವನಿಗೆ, ಕೂಲಿಯವಳಿಗೆ, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಪಹಣಿಯಲ್ಲಿ ಹೆಸರಿರುವುದಿಲ್ಲ. ಹೆಸರಿಲ್ಲದವರಿಗೆ ಪರಿಹಾರವೂ ಇಲ್ಲ. 1974ರ ಭೂಸುಧಾರಣೆಯಲ್ಲಿ ‘ಉಳುವವನೇ ಹೊಲದೊಡೆಯ’ ಎಂದು ಮೊದಲ ಬಾರಿ ಹೆಸರು ಬರೆಸಿಕೊಂಡ ಮನೆಗಳಲ್ಲಿ ಕೆಲವಕ್ಕೆ ಮೂವತ್ತೇ ವರ್ಷದಲ್ಲಿ ಸ್ವಾಧೀನದ ನೋಟಿಸು ಬಂತು. ಆ ನೋಟಿಸಿನ ಹಿಂದಿದ್ದ ಮೂಲ ಕಾಯ್ದೆ 1894ರದು, ಬ್ರಿಟಿಷರು ಮಾಡಿದ್ದು. ‘ಸಾರ್ವಜನಿಕ ಉದ್ದೇಶ’ ಎಂದರೆ ಸಾಕಿತ್ತು. ಅದನ್ನು ಬದಲಿಸಿದ ಹೊಸ ಕಾಯ್ದೆ 2013ರಲ್ಲಿ ಬಂತು.

ಎಲ್ಲರೂ ಸುಮ್ಮನೆ ಹೋಗಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಗುರುತಿಸಿದಾಗ ಅಲ್ಲಿನ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷಕ್ಕೂ ಮೇಲೆ, ಸಾವಿರದ ನೂರಕ್ಕೂ ಹೆಚ್ಚು ದಿನ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟದ್ದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಭೂಮಿ ಪಡೆಯುತ್ತೇವೆ ಎಂದರು. ಅದಕ್ಕೆ ಎರಡು ವಾರ ಮುಂಚೆ ಇದೇ ಸರ್ಕಾರದ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತ್ತು. ‘ಗ್ರಾಮ’ ಎಂಬ ಮಾತು ಮೊದಲು ಹೆಸರಿನಿಂದ ಹೋಯಿತು.

ನನ್ನ ಮನೆಯೂ ಇಂಥ ನೆಲದ ಮೇಲೆಯೇ ಇದೆ. ಮೂವತ್ತಕ್ಕೆ ನಲವತ್ತರ ಸೈಟು, ಒಂದು ಗುಂಟೆಗಿಂತ ತುಸು ಹೆಚ್ಚು. ಹೋಮ್‌ಸ್ಟೆಡ್‌ನ 160 ಎಕರೆಯಲ್ಲಿ ರಸ್ತೆ ಬಿಡದಿದ್ದರೆ ಇಂಥ ಎಷ್ಟು ಸೈಟು ಆಗುತ್ತವೆ ಎಂದು ಹುಡುಗಿಗೆ ಲೆಕ್ಕ ಕೊಟ್ಟೆ. 5,808 ಎಂದು ಬಿಡಿಸಿದಳು. ಆಮೇಲೆ ಬೀರುವಿನಿಂದ ಮದರ್ ಡೀಡ್ ತೆಗೆದು ಅವಳಿಗೆ ಚೆಕ್ಕುಬಂದಿ ಓದಲು ಹೇಳಿದೆ. ಟೈಪ್ ಮಾಡಿದ ಹಳೆಯ ಹಾಳೆ, ಅಲ್ಲಲ್ಲಿ ಅಕ್ಷರ ಅಳಿಸಿದೆ. ಪೂರ್ವಕ್ಕೆ ಬಂಡಿ ದಾರಿ, ಪಶ್ಚಿಮಕ್ಕೆ ಸರ್ಕಾರಿ ಗೋಮಾಳ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಒಬ್ಬರ ಜಮೀನು ಎಂದು ಓದಿದಳು. ಬಂಡಿ ದಾರಿ ಈಗ ಅರವತ್ತಡಿ ರಸ್ತೆ. ಹಳ್ಳ ಕಾಂಕ್ರೀಟು ಚರಂಡಿ. ಗೋಮಾಳದಲ್ಲಿ ಮದುವೆ ಛತ್ರ ಇದೆ.

ದಕ್ಷಿಣದ ಹೆಸರು ಕೇಳುತ್ತಲೇ ಅಜ್ಜಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು.

‘ಅವರು ನಮ್ಮ ಅಮ್ಮನ ಕಡೆಯೋರು ಕಣಪ್ಪ. ಇಲ್ಲಿದ್ದುದ್ದ ಕೊಟ್ಟು ದೊಡ್ಡಬಳ್ಳಾಪುರದ ಆಚೆ ಎರಡೆಕರೆ ತಗೊಂಡ್ರು. ಈಗ ಅಲ್ಲೂ ರೋಡು ಬತ್ತದಂತೆ, ಅಳೆಯೋಕೆ ಬಂದಿದ್ರಂತೆ.’